ಹುಟ್ಟಿನ ಬಿಳಿ

ನರ್ಸ್ ಸೆಲ್ವಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ತಂದು ಮುಂದೆ ಹಿಡಿದಾಗ ದಾಕ್ಷಾಯಣಿ ಗಂಡೋ ಹೆಣ್ಣೋ ಎಂದು ಕೇಳಲಿಲ್ಲ. ಒಳಗೆ ಮಲಗಿದ್ದ ಮಗಳು ಹೇಗಿದ್ದಾಳೆ ಎಂದೂ ಕೇಳಲಿಲ್ಲ. ಹೆಬ್ಬೆರಳಿನಿಂದ ಮಗುವಿನ ಹಣೆಯ ಮೇಲಿನ ಬಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು.

ಇತ್ತು.

ಒದ್ದೆಯಾಗಿ ತಲೆಗೆ ಅಂಟಿಕೊಂಡಿದ್ದ ಕಪ್ಪು ಕೂದಲಿನ ನಡುವೆ, ಮೂಗಿನ ನೇರಕ್ಕೆ, ಒಂದು ಹಿಡಿ ಬಿಳಿ. ಬತ್ತಿ ಹೊಸೆಯಲು ಕೂತಾಗ ಸೆರಗಿಗೆ ಹತ್ತಿಕೊಳ್ಳುವ ಹತ್ತಿಯ ಎಳೆಯ ಹಾಗೆ. ದಾಕ್ಷಾಯಣಿ ಗೋಡೆಗೆ ಬೆನ್ನು ಕೊಟ್ಟು ನಿಂತಳು.

“ಹೆಣ್ಣು ಮಗು ಅಮ್ಮ, ಲಕ್ಷ್ಮಿ,” ಎಂದಳು ಸೆಲ್ವಿ. ಅವಳದು ಭದ್ರಾವತಿಯ ತಮಿಳು ಬೆರೆತ ಕನ್ನಡ. “ಇಂಗೆ ಪಾರಮ್ಮ, ಇಲ್ನೋಡಿ, ಹುಟ್ಟೋವಾಗ್ಲೇ ತಲೆ ನರೆಸ್ಕೊಂಡು ಬಂದಿದೆ. ಹೋದ ಜನ್ಮದಲ್ಲಿ ಹೆಡ್‌ಮಾಸ್ಟ್ರು ಆಗಿತ್ತೋ ಏನೋ.”

“ಸಿಸ್ಟರ್, ತಲೆಗೊಂದು ಟೋಪಿ ಹಾಕಿ. ಗಾಳಿ ಬಡಿಯುತ್ತೆ.”

“ಏಪ್ರಿಲ್ ತಿಂಗಳಲ್ಲಿ ಯಾವ ಗಾಳಿ ಅಮ್ಮ?”

“ಹಾಕಿ ಅಂದ್ನಲ್ಲ.”

ಶಿವಮೂರ್ತಪ್ಪ ಹೊರಗೆ ಬೆಂಚಿನ ಮೇಲೆ ಕಾಫಿಯ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕಾಗದದ ಕಾರ್ಖಾನೆಯಲ್ಲಿ ಮೂರೂ ಪಾಳಿಯಲ್ಲಿ ದುಡಿದ ಮನುಷ್ಯ. ಕಾಯುವುದು ಅವರಿಗೆ ಹೊಸದಲ್ಲ. ಹೆಂಡತಿಯ ಮುಖ ನೋಡಿ ಎದ್ದು ನಿಂತರು.

“ಬಂದಿದೆಯಾ?”

“ಬಂದಿದೆ.”

ಇಬ್ಬರೂ ಕೇಳಿದ್ದು ಹೇಳಿದ್ದು ಮಗುವಿನ ವಿಷಯವಲ್ಲ. ಮೊಮ್ಮಗಳು ಹುಟ್ಟಿದ್ದಾಳೆ ಎಂಬುದು ಶಿವಮೂರ್ತಪ್ಪನವರಿಗೆ ತಿಳಿದದ್ದು ಆಮೇಲೆ, ಕಾಫಿ ಬಗ್ಗಿಸುವಾಗ.

ಆ ಬಿಳಿ ಎಲ್ಲಿಂದ ಬಂತು ಎಂದು ದಾಕ್ಷಾಯಣಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಅದು ಅವಳದೇ. ಅವಳು ಹುಟ್ಟಿದ್ದೂ ಹೀಗೆಯೇ: ಹಣೆಯ ನಡುವೆ ವೀಳ್ಯದೆಲೆಯ ತುದಿಯಂಥ ಬಿಳಿ, ಅದರ ಮೇಲಿನ ಕೂದಲು ಬಿಳಿ, ಬಲಗಾಲಿನ ಮೊಣಕಾಲ ಕೆಳಗೊಂದು ಮಚ್ಚೆ. ಹುಟ್ಟಿದಾಗ ಎಷ್ಟಿತ್ತೋ ಈಗಲೂ ಅಷ್ಟೇ, ರಾಗಿಕಾಳಿನಷ್ಟೂ ಹರಡಿಲ್ಲ. ಆದರೆ ಕಂಡವರು ಅಳತೆ ಹಿಡಿದು ನೋಡುತ್ತಾರೆಯೇ? ತೊನ್ನು ಎಂದುಬಿಟ್ಟರೆ ಮುಗಿಯಿತು, ಆಮೇಲೆ ಆ ಮನೆಯ ಹೆಣ್ಣನ್ನು ಯಾರೂ ಕೇಳುವುದಿಲ್ಲ. ಅವಳ ತಾಯಿ ಕಾಡಿಗೆಯನ್ನು ಹರಳೆಣ್ಣೆಯಲ್ಲಿ ಕಲಸಿ ಕೂದಲಿಗೆ ಹಚ್ಚುತ್ತಿದ್ದಳು. ಹಣೆಗೆ ವಿಭೂತಿ. ಮೂರು ಬೆರಳಿನಲ್ಲಿ ದಟ್ಟವಾಗಿ ಬಳಿದ ವಿಭೂತಿಯ ಕೆಳಗೆ ಏನಿದೆ ಎಂದು ಕೆದಕಿ ನೋಡುವ ಧೈರ್ಯ ಯಾರಿಗಿದೆ? ಎಂಥ ಭಕ್ತಿವಂತೆ ಎಂದು ಹೊಗಳಿಯೇ ಮದುವೆ ಮಾಡಿಕೊಂಡರು. ಒಂದು ದಿನ ಸ್ನಾನದ ಮನೆಯ ಬಾಗಿಲಲ್ಲಿ ಅತ್ತೆ ಕಂಡರು. ಅಂದಿನಿಂದ ಅವಳ ಕೈಯಿಂದ ಒಂದು ಲೋಟ ನೀರು ಮುಟ್ಟಲಿಲ್ಲ, ಸಾಯುವಾಗಲೂ. ಶಿವಮೂರ್ತಪ್ಪ ಮಾತ್ರ ಆಗಲೂ ಅವಳು ಬಡಿಸಿದ್ದನ್ನೇ ಉಂಡರು. ವಯಸ್ಸಾಗಿ ತಲೆಯೆಲ್ಲ ಬೆಳ್ಳಗಾಗತೊಡಗಿದಾಗ ಕಾರ್ಖಾನೆಯವರ ವಸತಿಯಾದ ಇಡೀ ಕಾಗದನಗರದಲ್ಲಿ ನರೆ ಕಂಡು ನಿರಾಳವಾದ ಹೆಂಗಸು ಅವಳೊಬ್ಬಳೇ.

ಆದರೆ ಅಷ್ಟು ಹೊತ್ತಿಗೆ ಮಗಳು ಸುಮನಾ ಇದ್ದಳು, ಅದೇ ಬಿಳಿಯನ್ನು ಹೊತ್ತು.

ಮಗಳ ಕಾಲಕ್ಕೆ ಅಂಗಡಿಯಲ್ಲಿ ಕೂದಲಿಗೆ ಹಾಕುವ ಕಪ್ಪು ಬಣ್ಣದ ಪುಡಿ ಬಂದಿತ್ತು. ಕಾಗದನಗರದ ಅಂಗಡಿಯಲ್ಲಿ ಕೊಂಡರೆ ಬಾಯಿಂದ ಬಾಯಿಗೆ ಹೋಗುತ್ತದೆಂದು ದಾಕ್ಷಾಯಣಿ ಓಲ್ಡ್ ಟೌನಿಗೆ ಬಸ್ಸಿನಲ್ಲಿ ಹೋಗಿ, ಯಜಮಾನರಿಗೆ ಎಂದು ಹೇಳಿ ಪೊಟ್ಟಣ ತರುತ್ತಿದ್ದಳು. ಗಾಜಿನ ಬಟ್ಟಲಲ್ಲಿ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಳಿಯ ಎಳೆಗಳಿಗೆ ಮಾತ್ರ ಬಳಿಯುವುದು; ಚರ್ಮಕ್ಕೆ ಕಲೆ ಹತ್ತದಂತೆ ಸುತ್ತ ಕೊಬ್ಬರಿ ಎಣ್ಣೆ ಸವರುವುದು; ರೇಡಿಯೋದಲ್ಲಿ ಚಿತ್ರಗೀತೆ ಮುಗಿಯುವ ತನಕ ಬಿಟ್ಟು ತೊಳೆಯುವುದು. ಅವಳ ಕೈ ಪಳಗಿಹೋಗಿತ್ತು. ಶಾಲೆಯಲ್ಲಾಗಲಿ, ವಠಾರದಲ್ಲಾಗಲಿ, ಸುಮನಾಳ ಹಣೆಯ ಮೇಲೆ ಯಾರ ಕಣ್ಣೂ ನಿಲ್ಲಲಿಲ್ಲ.

ಸುಮನಾ ಶಿವಮೊಗ್ಗದಲ್ಲಿ ಬಿ.ಎ. ಓದುವಾಗ ಕಾಲೇಜಿಗೆ ಒಬ್ಬ ಚರ್ಮದ ಡಾಕ್ಟರಮ್ಮ ಬಂದು ಎಲ್ಲ ಹುಡುಗಿಯರನ್ನೂ ಪರೀಕ್ಷೆ ಮಾಡಿದರಂತೆ. ಆವತ್ತು ಸಂಜೆ ಮನೆಗೆ ಬಂದವಳೇ ಅಡುಗೆಮನೆಯ ನೆಲದ ಮೇಲೆ ಕೂತು ಹೇಳಿದಳು.

“ಇದು ತೊನ್ನಲ್ಲವಂತೆ ಅಮ್ಮ. ಹುಟ್ಟಿನದು, ಹರಡಲ್ಲ. ಪೈಬಾಲ್ಡ್ ಅಂತ ಇದರ ಹೆಸರು.”

“ಹೆಸರು ಬೇರೆ ಇಟ್ಟಿದ್ದಾರಾ ಇದಕ್ಕೆ?”

“ಲೈಬ್ರರಿಗೆ ಹೋಗಿ ದೊಡ್ಡ ಡಿಕ್ಷನರಿ ತೆಗೆಸಿ ನೋಡಿದೆ. ಪೈ ಅಂದ್ರೆ ಅವರ ದೇಶದ ಒಂದು ಹಕ್ಕಿ. ನಮ್ಮ ಮಡಿವಾಳ ಹಕ್ಕಿ ಇದ್ಯಲ್ಲ, ಹಾಗೆ ಕಪ್ಪು ಬಿಳಿ. ಲ್ಯಾಟಿನ್‌ನಲ್ಲಿ ಪಿಕಾ ಅಂತಿದ್ದದ್ದು ಜನರ ಬಾಯಲ್ಲಿ ಸವೆದು ಸವೆದು ಪೈ ಆಯ್ತಂತೆ. ಬಾಲ್ಡ್ ಅಂದ್ರೆ ಈಗ ಬೋಳುತಲೆ ಅಂತೀವಿ. ಹಿಂದೆ ಹಣೆ ಮೇಲೆ ಬಿಳಿ ಇರೋ ಪ್ರಾಣಿಗೆ ಹಾಗಂತಿದ್ರಂತೆ. ಎರಡೂ ಸೇರಿಸಿ ಮೊದಲು ಕುದುರೆಗೆ ಇಟ್ಟ ಹೆಸರು ಅದು. ಆಮೇಲೆ ತೇಪೆ ತೇಪೆಯಾಗಿ ಇರೋದಕ್ಕೆಲ್ಲ ಬಂತು. ನಾಲ್ಕು ಭಾಷೆ ಬೆರೆಸಿ ಮಾತಾಡಿದ್ರೂ ಅದನ್ನೇ ಅಂತಾರಂತೆ.”

“ಹಾಗಾದ್ರೆ ಭದ್ರಾವತಿ ಪೂರ್ತಿ ಅದೇ,” ಎಂದರು ನಡುಮನೆಯಲ್ಲಿದ್ದ ಶಿವಮೂರ್ತಪ್ಪ.

ಸುಮನಾ ನಕ್ಕಳು. ದಾಕ್ಷಾಯಣಿ ನಗಲಿಲ್ಲ. “ಕುದುರೆಗೆ ಇಟ್ಟ ಹೆಸರು. ನಮ್ಮಲ್ಲೂ ಇದೆ ಬಿಡು ಅದಕ್ಕೆ. ಹಂಡ ಅಂತಾರೆ. ಹಂಡ ಹಸು, ಹಂಡ ಕುರಿ. ನಮ್ಮಪ್ಪನ ಹತ್ರ ಹಣೆ ಮೇಲೆ ಬಿಳಿ ಇದ್ದ ಹೋರಿ ಇತ್ತು. ಸಂತೆಗೆ ಹೊಡ್ಕೊಂಡು ಹೋದಾಗ ಕೆಲವರು ಲಕ್ಷಣ ಅನ್ನೋರು, ಕೆಲವರು ಬೇಡವೇ ಬೇಡ ಅನ್ನೋರು. ಹೋರಿ ಪಾಡಿಗೆ ಹೋರಿ ಹುಲ್ಲು ತಿನ್ನೋದು. ಹಂಡ ಹುಡುಗಿ ಅಂತ ಎಲ್ಲಾದ್ರೂ ಕೇಳಿದ್ದೀಯಾ ನೀನು?”

“ಹೆಸರು ಗೊತ್ತಾದ್ರೆ ಭಯ ಹೋಗುತ್ತೆ ಅಮ್ಮ.”

“ನಿನಗೆ ಹೋಗುತ್ತೆ. ನೋಡೋರಿಗೆ?”

ಡಾಕ್ಟರಮ್ಮ ಇನ್ನೊಂದು ಮಾತನ್ನೂ ಹೇಳಿದ್ದರು. ಹುಟ್ಟುವ ಮಕ್ಕಳಿಗೆ ಇದು ಬಂದರೂ ಬರಬಹುದು, ಬಾರದೆಯೂ ಇರಬಹುದು, ಅರ್ಧಕ್ಕರ್ಧ ಎಂದು. ಹಕ್ಕಿ, ಕುದುರೆ ಎಲ್ಲ ಮರೆತರೂ ದಾಕ್ಷಾಯಣಿ ಈ ಮಾತನ್ನು ಮರೆಯಲಿಲ್ಲ.

ಸುಮನಾಳ ಮದುವೆ ಕೂಡಿಸಿದ್ದು ಮದುವೆ ದಲ್ಲಾಳಿ ಷಡಕ್ಷರಪ್ಪ. ಗಂಡಿನ ಕಡೆಯವರದು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ, ಅದರ ಹಿಂದೆಯೇ ಮನೆ. ಹುಡುಗ ರೇಣುಕಾಪ್ರಸಾದ್. ತಂದೆ ಇಲ್ಲ, ಅಂಗಡಿ, ಮನೆ ಎರಡನ್ನೂ ನಡೆಸುವವರು ತಾಯಿ ಬಸವರಾಜೇಶ್ವರಿ. “ಆಯಮ್ಮ ಬಹಳ ಕಟ್ಟುನಿಟ್ಟು,” ಎಂದಿದ್ದ ಷಡಕ್ಷರಪ್ಪ, ಹೊಗಳಿಕೆ ಎಂದುಕೊಂಡು. “ಇದಕ್ಕೆ ಮುಂಚೆ ದಾವಣಗೆರೆ ಕಡೆ ಒಂದು ಹೆಣ್ಣು ಗೊತ್ತಾಗಿತ್ತು. ಹುಡುಗಿ ಮೊಣಕೈ ಹತ್ರ ಒಂದು ಬಿಳಿ ಚುಕ್ಕೆ ಕಂಡ್ರು, ಎದ್ದು ಬಂದ್ಬಿಟ್ರು. ಆಮೇಲೆ ವಿಚಾರಿಸಿದ್ರೆ ಅದು ಎಲೆಗೆ ಹಾಕೋ ಸುಣ್ಣ ತಾಗಿದ್ದು.” ಆಗಲೇ ಬೇಡ ಅನ್ನಬಹುದಿತ್ತು. ಆದರೆ ಹುಡುಗ ಸೌಮ್ಯ, ಸುಮನಾಳಿಗೂ ಒಪ್ಪಿಗೆಯಾಗಿದ್ದ. ಹೆಣ್ಣು ನೋಡಲು ಬಂದ ದಿನ ಬಸವರಾಜೇಶ್ವರಿ ಹುಡುಗಿಯ ಹಣೆಯ ವಿಭೂತಿ ನೋಡಿ, “ಈಗಿನ ಕಾಲದ ಹುಡುಗೀರು ಸ್ಟಿಕ್ಕರ್ ಅಂಟಿಸ್ಕೊಂಡು ಬಂದು ಕೂರ್ತಾರೆ, ಇವಳು ನೋಡಿ,” ಎಂದು ಜೊತೆಗೆ ಬಂದವರಿಗೆ ತೋರಿಸಿದ್ದರು.

ಗಂಡನ ಕಣ್ಣಿಗೆ ಎಷ್ಟು ದಿನ ಮರೆಮಾಡಲಾಗುತ್ತದೆ? ಮದುವೆಯಾದ ವಾರದಲ್ಲೇ ರೇಣುಕಾಪ್ರಸಾದನಿಗೆ ತಿಳಿಯಿತು. ಸುಮನಾ ಪಾಠ ಒಪ್ಪಿಸಿದ ಹಾಗೆ ಪೈಬಾಲ್ಡ್ ಎಂಬ ಮಾತು, ಅದರ ಹಕ್ಕಿ, ಕುದುರೆ, ಹರಡುವುದಿಲ್ಲ ಎನ್ನುವುದು ಎಲ್ಲವನ್ನೂ ಹೇಳಿದಳು. ಅವನು ಸಿಟ್ಟಾಗಲಿಲ್ಲ. “ಅಮ್ಮನಿಗೆ ಗೊತ್ತಾಗೋದು ಬೇಡ,” ಎಂದ. ಅಷ್ಟೇ. ಅಂದಿನಿಂದ ಮನೆಯವರು ಏಳುವ ಮೊದಲೇ ಎದ್ದು ಸ್ನಾನ ಮುಗಿಸಿ, ವಿಭೂತಿ ಬಳಿದುಕೊಂಡೇ ಸುಮನಾ ಹೊರಗೆ ಬರುತ್ತಿದ್ದಳು. ನಮ್ಮ ಸೊಸೆಗೆ ಶಿವಪೂಜೆಯ ಹುಚ್ಚು ಎಂದು ಬಸವರಾಜೇಶ್ವರಿ ನೆಂಟರ ಮುಂದೆ ಹೆಮ್ಮೆಪಡುತ್ತಿದ್ದರು.

ಈಗ ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬಂದಿದ್ದಳು. ದೊಡ್ಡವರ ಹಣೆಗೆ ವಿಭೂತಿ ಬಳಿಯಬಹುದು, ತಲೆಗೆ ಬಣ್ಣ ಹಾಕಬಹುದು. ಹುಟ್ಟಿದ ಮಗುವನ್ನು ಏನು ಮಾಡುವುದು?

ರೇಣುಕಾಪ್ರಸಾದ್ ಅದೇ ಸಂಜೆ ನರ್ಸಿಂಗ್ ಹೋಮಿಗೆ ಬಂದ. ಮಗುವಿನ ಪಕ್ಕ ಕೂತು ಟೋಪಿಯನ್ನು ಎತ್ತಿದ, ನೋಡಿದ, ಹಾಗೆಯೇ ಇಳಿಸಿ ಕಿವಿ ಮುಚ್ಚುವಂತೆ ಎಳೆದ. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಅವನ ಕತ್ತಿನ ಹಿಂದೆ ಬೆವರು ಇಳಿಯುವುದು ದಾಕ್ಷಾಯಣಿಗೆ ಕಾಣುತ್ತಿತ್ತು. ಹೋಗುವಾಗ ಅತ್ತೆಯ ಮುಖ ನೋಡದೆ, “ಅಮ್ಮ ಬರ್ತಾರೆ,” ಎಂದ.

ಮಗಳನ್ನೂ ಮಗುವನ್ನೂ ಕಾಗದನಗರದ ಮನೆಗೆ ಕರೆತಂದ ಮೇಲೆ ಪಕ್ಕದ ಮನೆಯ ಶಕುಂತಲಮ್ಮ ಬಾಗಿಲಲ್ಲಿ ನಿಂತು ಹೇಳಿದರು: “ದಾಕ್ಷಾಯಣಿ, ನಿಮ್ಮ ಬೀಗರು ಫೋನ್ ಮಾಡಿದ್ರು ಮಾರಾಯ್ತಿ. ಸೋಮವಾರ ಬೆಳಿಗ್ಗೆ ಬರ್ತಾರಂತೆ, ಮಗುಗೆ ಲಿಂಗ ಕಟ್ಟಿಸೋಕೆ. ಸಿದ್ದಯ್ಯ ಅಂತ, ಅವರ ಮನೆ ಅಯ್ನೋರನ್ನೂ ಕಾರಲ್ಲೇ ಕರ್ಕೊಂಡು ಬರ್ತಾರಂತೆ. ಅಡುಗೆಗೆ ಕೈ ಬೇಕಾದ್ರೆ ಕೂಗು.”

ಲಿಂಗ ಕಟ್ಟುವಾಗ ಅಯ್ನೋರು ಟೋಪಿ ತೆಗೆಸುತ್ತಾರೆ. ತಲೆ ಮುಟ್ಟುತ್ತಾರೆ, ಹಣೆಗೆ ವಿಭೂತಿ ಹಚ್ಚುತ್ತಾರೆ. ಎಲ್ಲರೂ ಸುತ್ತ ನಿಂತು ಬಗ್ಗಿ ನೋಡುವುದು ಆ ಹಣೆಯನ್ನೇ. ದಾಕ್ಷಾಯಣಿಗೆ ಅನ್ನ ಇಳಿಯದಾಯಿತು. ಹಿಂದಿನ ಸಾಲಿನ ಮನೆಯೊಂದರಲ್ಲಿ ಬಾಣಂತನಕ್ಕೆಂದು ಬಂದ ಹುಡುಗಿ ಇನ್ನೂ ಅಲ್ಲಿಯೇ ಇದ್ದಳು. ಅವಳ ಮಗು ಈಗ ಚೀಲ ಹೊತ್ತು ಶಾಲೆಗೆ ಹೋಗುತ್ತಿತ್ತು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಏಕೆ ಬರಲಿಲ್ಲ ಎಂದು ಮೊದಮೊದಲು ಕೇಳುತ್ತಿದ್ದ ಜನ ಈಗ ಕೇಳುವುದನ್ನೂ ಬಿಟ್ಟಿದ್ದರು. ತಾನು ಕಂಡರೆ ಆ ಹುಡುಗಿ ತಲೆ ತಗ್ಗಿಸುವುದು ದಾಕ್ಷಾಯಣಿಯ ಕಣ್ಣಿಗೆ ಕಟ್ಟಿದಂತಾಗುತ್ತಿತ್ತು.

“ನಾನು ಹೇಳಿಬಿಡ್ತೀನಿ,” ಎಂದಳು ಸುಮನಾ, ಮಗುವಿಗೆ ಹಾಲೂಡಿಸುತ್ತ. “ಇದಕ್ಕೆ ಹೆಸರಿದೆ, ಇದು ರೋಗ ಅಲ್ಲ ಅಂತ. ಎಷ್ಟು ದಿನ ಟೋಪಿ ಹಾಕಿಡ್ತೀಯ?”

“ಹೇಳಿದ ಮಾತನ್ನ ವಾಪಸ್ ನುಂಗಕ್ಕಾಗಲ್ಲ ಸುಮಿ. ಚುಕ್ಕೆ ಸುಣ್ಣದ್ದು ಅಂತ ತಿಳ್ಕೊಳ್ಳೋಕೆ ನಿಲ್ಲದೇ ಇದ್ದೋರು, ನಿನ್ನ ಡಿಕ್ಷನರಿ ಕೇಳೋಕೆ ನಿಲ್ತಾರಾ?”

“ಏನಾಗುತ್ತೋ ಆಗ್ಲಿ.”

“ಏನಾಗುತ್ತೆ ಅಂತ ನಿನಗೆ ಗೊತ್ತಿಲ್ಲ. ನನಗೆ ಗೊತ್ತು.”

ಭಾನುವಾರ ಮಧ್ಯಾಹ್ನ ಸುಮನಾ ಎರೆದುಕೊಂಡು, ಸಾಂಬ್ರಾಣಿ ಹೊಗೆ ಹಿಡಿಸಿಕೊಂಡು ಗಾಢವಾಗಿ ನಿದ್ದೆಹೋದಳು. ಶಿವಮೂರ್ತಪ್ಪ ಓಲ್ಡ್ ಟೌನಿಗೆ ತರಕಾರಿ ತರಲು ಹೋಗಿದ್ದರು. ದಾಕ್ಷಾಯಣಿ ಮಗುವನ್ನು ಎತ್ತಿಕೊಂಡು ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದಳು. ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಳು. ಬಟ್ಟಲಲ್ಲಿ ಪುಡಿ ಕಲಸಿದಳು, ಬಹಳ ಇಲ್ಲ, ಒಂದು ಚಿಟಿಕೆ. ಬ್ರಷ್ ಒರಟಾದೀತೆಂದು ಬೆರಳಿಗೆ ಹತ್ತಿ ಸುತ್ತಿಕೊಂಡಳು. ಬಿಳಿಯ ಕೂದಲಿನ ಕೆಳಗೇ ನೆತ್ತಿ ಮೆತ್ತಗೆ ಮೇಲೆ ಕೆಳಗೆ ಆಡುತ್ತಿತ್ತು. ಅದನ್ನು ನೋಡಿ ಅವಳ ಕೈ ನಿಂತಿತು. ಹೊರಗೆ ಯಾವುದೋ ಕಾರಿನ ಹಾರನ್ ಕೇಳಿತು. ಇವತ್ತೇ ಬಂದುಬಿಟ್ಟರೇ ಎಂದು ಬಾಗಿಲ ಕಡೆ ತಿರುಗಿದಳು. ಕಾರು ಮುಂದೆ ಹೋಯಿತು. ಅವಳು ಬಳಿದಳು.

ವಾಸನೆಗೆ ಮಗು ಮುಖ ಕಿವುಚಿತು, ಅಳಲಿಲ್ಲ. ಬಹಳ ಹೊತ್ತು ಬಿಡಲಿಲ್ಲ ಅವಳು. ತೊಳೆದರೆ ಬಣ್ಣದ ನೀರು ಕಣ್ಣಿಗೆ ಇಳಿದೀತೆಂದು ಒದ್ದೆಬಟ್ಟೆಯಿಂದ ಒರೆಸಿದಳು, ಅಷ್ಟೇ. ಒರೆಸಿ ನೋಡಿದರೆ ತಲೆ ತುಂಬ ಒಂದೇ ಕಪ್ಪು. ಎಲ್ಲರ ಮನೆಯ ಮಗುವಿನ ಹಾಗೇ ಇತ್ತು. ಟೋಪಿ ಹಾಕಿ ಮಗಳ ಪಕ್ಕ ಮಲಗಿಸಿ ಬಂದು, ಆ ವಾರದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡಳು.

ಸೋಮವಾರ ಬೆಳಗಾಗುವಾಗ ಮಗುವಿನ ಕೂಗು ಬೇರೆಯಾಗಿತ್ತು. ಹಸಿವಿನ ಅಳುವಲ್ಲ. ತೆಳ್ಳಗೆ, ಎಡೆಬಿಡದೆ, ಕಬ್ಬಿಣ ಗೀಚಿದ ಹಾಗೆ. ದಾಕ್ಷಾಯಣಿ ಓಡಿಬಂದಾಗ ಸುಮನಾ ದೀಪ ಹಾಕಿ ಟೋಪಿ ಕಿತ್ತಿದ್ದಳು. ಹಣೆ ಕೆಂಪಗೆ ಉಬ್ಬಿ ನೀರು ಒಸರುತ್ತಿತ್ತು. ರೆಪ್ಪೆಗಳು ಊದಿ ಕಣ್ಣೇ ಕಾಣುತ್ತಿರಲಿಲ್ಲ. ಮೊಲೆಗೆ ಹಿಡಿದರೆ ಬಾಯಿ ಹಾಕಲಿಲ್ಲ. ಸುಮನಾ ಆ ಕಪ್ಪು ಕೂದಲನ್ನು ನೋಡಿದಳು. ಆಮೇಲೆ ತಾಯಿಯನ್ನು ನೋಡಿದಳು. ದಾಕ್ಷಾಯಣಿ ಬೈಗುಳಕ್ಕೆ ಕಾದು ನಿಂತಳು.

“ಅಪ್ಪ, ಆಟೋ ತನ್ನಿ,” ಎಂದಳು ಸುಮನಾ. ತಾಯಿಯ ಕೈಗೆ ಮಗುವನ್ನು ಕೊಡದೆ ತಾನೇ ಎತ್ತಿಕೊಂಡು ನಡೆದಳು.

ನರ್ಸಿಂಗ್ ಹೋಮಿನ ಡಾಕ್ಟರಮ್ಮ ಆಗ ತಾನೇ ಬಂದಿದ್ದರು. ಮಗುವನ್ನು ಮೇಜಿನ ಮೇಲೆ ಮಲಗಿಸಿ, ದೀಪ ಬಗ್ಗಿಸಿ ನೋಡಿದರು. ಸೆಲ್ವಿ ಹತ್ತಿ, ನೀರು ಹಿಡಿದು ನಿಂತಳು. ಹೆಡ್‌ಮಾಸ್ಟರ ಮಾತು ಈಗ ಅವಳ ಬಾಯಿಂದ ಬರಲಿಲ್ಲ.

“ಏನು ಹಚ್ಚಿದ್ದೀರಿ ಇದಕ್ಕೆ?”

“ಕಾಡಿಗೆ,” ಎಂದಳು ದಾಕ್ಷಾಯಣಿ.

“ಕಾಡಿಗೆಗೆ ಹೀಗಾಗಲ್ಲ. ನಿಜ ಹೇಳಿ.”

“ಮನೇಲಿ ಮಾಡಿದ ಕಾಡಿಗೆ ಡಾಕ್ಟ್ರೇ. ದೃಷ್ಟಿಗೆ ಅಂತ.”

ಶಿವಮೂರ್ತಪ್ಪ ಗೋಡೆಗೆ ಮುಖ ಮಾಡಿದರು. ಸುಮನಾ ಬಾಯಿ ತೆರೆದಳು; ಅಷ್ಟರಲ್ಲಿ ಹಿಂದೆ ಬಾಗಿಲ ಹತ್ತಿರ ರೇಷ್ಮೆ ಸೀರೆಯ ಸದ್ದಾಯಿತು. ಬಸವರಾಜೇಶ್ವರಿ ನಿಂತಿದ್ದರು. ಮನೆಗೆ ಬೀಗ ನೋಡಿ, ಶಕುಂತಲಮ್ಮನನ್ನು ಕೇಳಿ, ಕಾರು ತಿರುಗಿಸಿಕೊಂಡು ಇಲ್ಲಿಗೇ ಬಂದಿದ್ದರು. ಅವರ ಹಿಂದೆ ರೇಣುಕಾಪ್ರಸಾದ್. ಅದರಾಚೆ ಮೊಗಸಾಲೆಯಲ್ಲಿ, ಕಾವಿ ಚೀಲವನ್ನು ಎದೆಗೆ ಒತ್ತಿಕೊಂಡು, ಅಯ್ನೋರು ಸಿದ್ದಯ್ಯ.

“ನೋಡಿ ಅಮ್ಮ,” ಡಾಕ್ಟರಮ್ಮನ ದನಿ ತಗ್ಗಿತು. ಅದು ಗದರುವುದಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. “ಊತ ಕೆಳಗೆ ಇಳೀತಿದೆ. ಗಂಟಲಿಗೆ ಇಳಿದ್ರೆ ಇಷ್ಟು ಚಿಕ್ಕ ಮಗುಗೆ ಉಸಿರು ಕಟ್ಟುತ್ತೆ. ಏನು ಹಾಕಿದ್ದೀರಿ ಅಂತ ಗೊತ್ತಾಗ್ದೆ ನಾನು ಯಾವ ಔಷಧ ಕೊಡ್ಲಿ?”

ದಾಕ್ಷಾಯಣಿ ಬಾಗಿಲಿನ ಕಡೆ ನೋಡಿದಳು, ಮೇಜಿನ ಕಡೆ ನೋಡಿದಳು. ಮಗುವಿನ ಪಕ್ಕೆಗಳು ಕೋಳಿಮರಿಯ ಪಕ್ಕೆಗಳಂತೆ ಒಳಕ್ಕೆ ಹೋಗಿ ಹೊರಕ್ಕೆ ಬರುತ್ತಿದ್ದವು.

“ತಲೆಗೆ ಹಾಕೋ ಬಣ್ಣ,” ಎಂದಳು. ತನ್ನ ದನಿ ತನಗೇ ಬೇರೆಯವರದೆನ್ನಿಸಿತು. “ಅಂಗಡೀಲಿ ಸಿಗೋ ಕಪ್ಪು ಬಣ್ಣ. ನಿನ್ನೆ ಮಧ್ಯಾಹ್ನ ಹಚ್ಚಿದೆ. ಸರಿಯಾಗಿ ತೊಳೀಲಿಲ್ಲ.”

ಡಾಕ್ಟರಮ್ಮ ಸೆಲ್ವಿಗೆ ಇಂಜೆಕ್ಷನ್ನಿನ ಹೆಸರು ಹೇಳಿದರು. ಸೆಲ್ವಿ ಓಡಿದಳು.

“ಎಳೆಮಗು ತಲೆಗೆ ಬಣ್ಣ ಯಾಕೆ ಹಾಕಿದ್ರಿ?” ಕೇಳಿದವರು ಬಸವರಾಜೇಶ್ವರಿ. ಅವರು ಇನ್ನೂ ಹೊಸ್ತಿಲ ಮೇಲೆಯೇ ಇದ್ದರು.

“ಬಿಳಿ ಇತ್ತು.”

“ಏನು ಬಿಳಿ?”

ದಾಕ್ಷಾಯಣಿ ಕನ್ನಡದಲ್ಲಿ ಮಾತು ಹುಡುಕಿದಳು. ಸಿಕ್ಕಿದ್ದು ಒಂದೇ ಮಾತು, ತೊನ್ನು. ಅದನ್ನು ನಾಲಗೆಯ ಮೇಲೆ ಇಟ್ಟುಕೊಳ್ಳಲಾರದೆ, ಇಷ್ಟು ವರ್ಷ ಒಮ್ಮೆಯೂ ತಾನು ಆಡದಿದ್ದ ಇನ್ನೊಂದನ್ನು ಹೇಳಿದಳು. “ಪೈಬಾಲ್ಡ್.”

“ಇಂಗ್ಲಿಷ್ ಹೆಸರು ಕೇಳಿದ್ನಾ ನಾನು?”

“ಹುಟ್ಟಿನ ಬಿಳಿ ಬೀಗ್ರೇ. ಹರಡೋದಲ್ಲ. ನನಗೂ ಇದೆ. ಸುಮಿಗೂ ಇದೆ.” ಅವಳು ಸೆರಗಿನ ತುದಿಯಿಂದ ಹಣೆಯ ವಿಭೂತಿಯನ್ನು ಗಟ್ಟಿಯಾಗಿ ಒರೆಸಿಕೊಂಡಳು. ಒರೆಸಿದ ಮೇಲೂ ಅಲ್ಲಿ ಬಿಳಿ ಉಳಿದಿತ್ತು. “ನಿಮಗೆ ಹೇಳಬೇಕಾಗಿತ್ತು. ಹೆದರಿಕೆ ಆಯ್ತು. ಮಗಳ ತಪ್ಪಿಲ್ಲ, ಮುಚ್ಚಿಸಿದ್ದು ನಾನು.”

ಬಸವರಾಜೇಶ್ವರಿ ಅವಳ ಹಣೆಯನ್ನು ನೋಡಿದರು. ಸೊಸೆಯ ಹಣೆಯನ್ನು ನೋಡಿದರು. ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳಲು ಅವಳಿಗೆ ಹೊತ್ತೆಲ್ಲಿತ್ತು? ಅವರ ಮುಖದಲ್ಲಿ ಏನೂ ಅಲುಗಲಿಲ್ಲ. ತಕ್ಕಡಿ ಮುಳ್ಳು ನಿಲ್ಲುವುದನ್ನು ಕಾಯುವವರ ಹಾಗೆ ನಿಂತಿದ್ದರು.

“ಇನ್ಯಾರಿಗೆ ಗೊತ್ತು ಇದು?”

ದಾಕ್ಷಾಯಣಿಯ ಕಣ್ಣು ತಾನಾಗಿಯೇ ರೇಣುಕಾಪ್ರಸಾದನ ಕಡೆ ಹೋಯಿತು. ಬಸವರಾಜೇಶ್ವರಿ ಅದನ್ನು ಹಿಂಬಾಲಿಸಿ ಮಗನ ಕಡೆ ತಿರುಗಿದರು. ಅವನು ನೆಲ ನೋಡುತ್ತಿದ್ದ.

“ಯಾವಾಗಿನಿಂದ?”

“ಮೊದಲಿಂದ ಅಮ್ಮ.”

ಆಗ ಮಾತ್ರ ಅವರ ಕೈ ಬಾಗಿಲ ಚೌಕಟ್ಟನ್ನು ಹಿಡಿಯಿತು.

ಸೆಲ್ವಿ ಸೂಜಿ ತಂದಳು. ಚುಚ್ಚಿದಾಗ ಮಗು ಒಮ್ಮೆ ಉಸಿರೆಳೆದು ಅಳುವುದನ್ನೇ ನಿಲ್ಲಿಸಿತು. ಮತ್ತೆ ಅಳು ಬಂತು, ಸಣ್ಣಗೆ. ಡಾಕ್ಟರಮ್ಮ ಮಗುವಿನ ಬಾಯಿ ಬಿಡಿಸಿ ನೋಡಿ, ಕಾಯಬೇಕು ಎಂದರು. “ಈ ಕೂದಲು ತೆಗೀಬೇಕು. ಬಣ್ಣ ಇದರಲ್ಲೇ ಕೂತಿದೆ. ಬೆವರಿದಾಗೆಲ್ಲ ಹಣೆಗೆ ಇಳಿಯುತ್ತೆ. ಸೆಲ್ವಿ, ಕತ್ತರಿ.”

ಕತ್ತರಿಯ ಯೋಚನೆ ದಾಕ್ಷಾಯಣಿಗೂ ಮೊದಲೇ ಬಂದಿತ್ತು, ಬಂದಷ್ಟೇ ಬೇಗ ಹೋಗಿತ್ತು. ಜವಳ ತೆಗೆಸುವ ಮುಂಚೆ ಮಗುವಿನ ತಲೆಗೆ ಕಬ್ಬಿಣ ಮುಟ್ಟಿಸುವ ಹಾಗಿಲ್ಲ. ಹುಟ್ಟುಗೂದಲು ತಂದೆಯ ಮನೆಯ ದೇವರದು. ಅದನ್ನು ತವರಿನವರು ತೆಗೆಯುವುದೆಂದರೆ ಈ ಮಗು ನಿಮ್ಮದಲ್ಲ ಎಂದು ಹೇಳಿಕೊಂಡ ಹಾಗೆ. ಸೆಲ್ವಿಗೂ ಅದು ಗೊತ್ತಿತ್ತು. ಕತ್ತರಿ ಹಿಡಿದು ಯಾರನ್ನು ಕೇಳುವುದೆಂದು ತಿಳಿಯದೆ ಒಬ್ಬೊಬ್ಬರ ಮುಖ ನೋಡಿದಳು.

ಬಸವರಾಜೇಶ್ವರಿ ಹಿಂತಿರುಗಿ ಸಿದ್ದಯ್ಯನವರನ್ನು ನೋಡಿದರು. ಸಿದ್ದಯ್ಯ ಗೋಡೆಯ ಕ್ಯಾಲೆಂಡರಿನಲ್ಲಿ ಏನನ್ನೋ ಓದತೊಡಗಿದರು.

“ಬೇಗ ಹೇಳಿ,” ಎಂದರು ಡಾಕ್ಟರಮ್ಮ.

ಬಸವರಾಜೇಶ್ವರಿ ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬಂದರು. ಸುಮನಾಳನ್ನು ದಾಟಿ, ದಾಕ್ಷಾಯಣಿಯನ್ನು ದಾಟಿ, ಮೇಜಿನ ತಲೆಯ ಕಡೆ ನಿಂತರು. ಬಳೆಗಳನ್ನು ಮೊಣಕೈಗೆ ಏರಿಸಿಕೊಂಡು, ಮಗುವಿನ ತಲೆಯನ್ನು ಎರಡೂ ಅಂಗೈಗಳ ನಡುವೆ ಅಲುಗದಂತೆ ಹಿಡಿದರು.

“ನೆತ್ತಿ ಜೋಪಾನ,” ಎಂದರು ಸೆಲ್ವಿಗೆ.

ಕತ್ತರಿ ಸಣ್ಣದಾಗಿ ಸದ್ದು ಮಾಡಿತು. ಎಳೆಗಳು ಒಂದೊಂದಾಗಿ ಬಿಡಿಸಿಕೊಂಡವು. ಸೆಲ್ವಿ ಅವನ್ನು ಹತ್ತಿಯ ಜೊತೆ ತಟ್ಟೆಗೆ ಹಾಕಲು ಹೋದಾಗ ಬಸವರಾಜೇಶ್ವರಿ ಒಂದು ಕೈ ಚಾಚಿ ತಡೆದರು. ಉದುರಿದ್ದನ್ನೆಲ್ಲ ಅಂಗೈಗೆ ತೆಗೆದುಕೊಂಡರು. ಮೇಜಿನ ಬಿಳಿ ಹಾಸಿನ ಮೇಲೆ ಬಿದ್ದ ಒಂದೆರಡು ಎಳೆಗಳನ್ನೂ ಉಗುರಿನಿಂದ ಹೆಕ್ಕಿ ಎತ್ತಿಕೊಂಡರು. ನೆಲಕ್ಕೆ ಒಂದೂ ಬೀಳಲಿಲ್ಲ. ಯಾರ ಮುಖವನ್ನೂ ನೋಡದೆ, ಸೆರಗಿನ ಅಂಚನ್ನು ಮುಂದಕ್ಕೆಳೆದು, ಅದರೊಳಗೆ ಇಟ್ಟು ಗಂಟು ಹಾಕಿದರು.

“ನಾನು ಮಗುನ ಎತ್ಕೊಳ್ಳಲಾ ಅತ್ತೆ?” ಎಂದಳು ಸುಮನಾ.

ಅವರು ಪಕ್ಕಕ್ಕೆ ಸರಿದು ಜಾಗ ಮಾಡಿದರು. ಆಮೇಲೆ ಮೊಗಸಾಲೆಗೆ ಹೋಗಿ ಬೆಂಚಿನ ಒಂದು ತುದಿಯಲ್ಲಿ ಕೂತರು. ರೇಣುಕಾಪ್ರಸಾದ್ ಹತ್ತಿರ ಹೋಗಿ ನಿಂತ. ಅವರು ಅವನ ಕಡೆ ತಿರುಗಲಿಲ್ಲ.

ದಾಕ್ಷಾಯಣಿ ಬಾಗಿಲ ಬಳಿ ನಿಂತು ಆ ಗಂಟನ್ನೇ ನೋಡುತ್ತಿದ್ದಳು. ಶಿವಮೊಗ್ಗದ ದಾರಿಯಲ್ಲಿ, ಊರು ಹೊಗುವ ಮೊದಲು ತುಂಗೆಯ ಸೇತುವೆ ಸಿಗುತ್ತದೆ. ಕಾರಿನ ಗಾಜು ಇಳಿಸಿ ಹೊಳೆಗೆ ಎಸೆದರೆ ಮುಗಿಯಿತು. ಎಸೆಯದೆ ಸೇತುವೆ ದಾಟಿದರೆ ಸವಳಂಗ ರಸ್ತೆಯ ಮನೆ, ಹುಟ್ಟುಗೂದಲು ಸೇರಬೇಕಾದ ಅದರ ದೇವರ ಕೋಣೆ. ಒಳಗೆ ಮಗುವಿನ ಅಳು ಒಮ್ಮೆ ಏರಿ, ತಡವರಿಸಿ, ಏನನ್ನೋ ಬಾಯಿಗೆ ಕಚ್ಚಿಕೊಂಡಂತೆ ನಿಂತಿತು. ಬಸವರಾಜೇಶ್ವರಿ ತಲೆ ಎತ್ತಿ ಆ ಕಡೆ ಕಿವಿಗೊಟ್ಟರು. ಮೇಲಿನ ಫ್ಯಾನಿನ ಗಾಳಿಗೆ ಅವರ ಸೆರಗೆಲ್ಲ ಎದ್ದು ಹಾರುತ್ತಿತ್ತು. ಗಂಟು ಬಿದ್ದ ತುದಿಯೊಂದು ಮಾತ್ರ ಅವರ ಮುಷ್ಟಿಯೊಳಗಿತ್ತು.